ತೆಗಿ ಅಂದದ್ದು

ಮನೆಯಿಂದ,
ಡಿಸೆಂಬರ್ ೧೩, ಶನಿವಾರ ಬೆಳಿಗ್ಗೆ

ಪ್ರೀತಿಯ ದೊಡ್ಡೋನೇ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ಕೆಮ್ಮು ಅಂತ ನೀನೇನೂ ಬಾಯಿಬಿಟ್ಟು ಹೇಳಿಲ್ಲ. ಹೋದ ಭಾನುವಾರ ಫೋನಿನಲ್ಲಿ ಎರಡು ಸಲ ‘ಹೂಂ’ ಅಂದೆಯಂತೆ, ಆ ಎರಡು ‘ಹೂಂ’ಗಳ ನಡುವೆ ನಿಮ್ಮಮ್ಮ ಕೆಮ್ಮನ್ನು ಪತ್ತೆಮಾಡಿದ್ದಾಳೆ. ಅವಳಿಗೆ ಡಾಕ್ಟರ ಉಪಕರಣ ಯಾವುದೂ ಬೇಡ, ಮಗನ ಒಂದು ‘ಹೂಂ’ ಸಾಕು. ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊರುವವರಿಗೆ ದಪ್ಪ ಕೋಟು ಕೊಡುತ್ತಾರಂತಲ್ಲ, ಅದನ್ನು ಹಾಕಿಕೊಳ್ಳುತ್ತೀಯೋ ಇಲ್ಲ ಮೊಳೆಗೆ ನೇತುಹಾಕಿ ಹೋಗುತ್ತೀಯೋ? ಚಿಕ್ಕಂದಿನಲ್ಲಿ ಸ್ವೆಟರ್ ತೊಡಿಸಿದರೆ ಬೀದಿ ತಿರುವಿನವರೆಗೆ ತೊಟ್ಟು, ಆಮೇಲೆ ಸೊಂಟಕ್ಕೆ ಕಟ್ಟಿಕೊಂಡು ಓಡುತ್ತಿದ್ದವನು ನೀನು. ಅಲ್ಲಿಂದ ಹೊರಗೆ ಬರುವಾಗ ಒಮ್ಮೆಲೇ ಬಿಸಿಲಿಗೆ ಬೀಳಬೇಡ. ಬಾಗಿಲಲ್ಲಿ ಐದು ನಿಮಿಷ ನಿಂತು ಬಾ.

ನಾವೆಲ್ಲ ಇದ್ದೇವೆ. ‘ಚೆನ್ನಾಗಿದ್ದೇವೆ’ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ನಿಮ್ಮಮ್ಮನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಎಡಗಿವಿಯನ್ನು ಪಂಪ್‌ಹೌಸಿನ ಸದ್ದು ಯಾವತ್ತೋ ತಿಂದುಹಾಕಿತ್ತು, ಈಗ ಬಲಗಿವಿಯೂ ಸಹವಾಸದೋಷದಿಂದ ಕೆಡುತ್ತಿದೆ. ನಿದ್ದೆ ಬರುವುದಿಲ್ಲ. ಡಾಕ್ಟರು ಬಿ.ಪಿ., ಸಕ್ಕರೆ ಎಲ್ಲ ನೋಡಿ, ‘ನಿಮಗೇನೂ ಇಲ್ಲ ಯಜಮಾನ್ರೇ, ಏನೋ ಯೋಚನೆ ಹಚ್ಕೊಂಡಿದೀರಿ ಅಷ್ಟೇ’ ಅಂದರು. ಯೋಚನೆಗೆ ಮಾತ್ರೆ ಇದ್ದರೆ ಬರೆದುಕೊಡಿ ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ‘ಊಟ ಆಯ್ತಾ’ ಅನ್ನುತ್ತೇನೆ, ನೀನು ‘ಆಯ್ತು’ ಅನ್ನುತ್ತೀಯ, ಅಲ್ಲಿಗೆ ಅಪ್ಪ ಮಗನ ಮಾತಿನ ಉಗ್ರಾಣ ಖಾಲಿ. ಫೋನನ್ನು ನಿಮ್ಮಮ್ಮನ ಕೈಗೆ ದಾಟಿಸಿ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ನಿನಗೆ ಹೇಳಬೇಕಾದದ್ದು ಬಿಸಿ ತುಪ್ಪದ ಹಾಗೆ ಬಾಯಲ್ಲಿ ಉಳಿದುಬಿಟ್ಟಿದೆ, ನುಂಗಲೂ ಆಗದು, ಉಗುಳಲೂ ಆಗದು. ಕಾಗದದಲ್ಲಾದರೆ ನಿನ್ನ ‘ಹೂಂ’ ಕೇಳಿಸುವುದಿಲ್ಲ, ಧೈರ್ಯವಾಗಿ ಮುಂದಿನ ಸಾಲಿಗೆ ಹೋಗಬಹುದು.

ಬುಧವಾರ ನಿನ್ನ ಚೀಲ ಬಂತು. ಪಾರ್ಸೆಲ್ ಅಂದಕೂಡಲೇ ನಿಮ್ಮಮ್ಮ, ಮಗ ಹಬ್ಬಕ್ಕೆ ಏನೋ ಕಳಿಸಿದ್ದಾನೆ ಅಂತ ಕೈ ಒರೆಸಿಕೊಂಡು ಓಡಿಬಂದಳು. ಕತ್ತರಿ ಹುಡುಕುವ ತಾಳ್ಮೆಯೂ ಇಲ್ಲದೆ ಹಲ್ಲಿನಲ್ಲಿ ದಾರ ಕಚ್ಚಿ ಬಿಚ್ಚಿದಳು. ಒಳಗಿದ್ದದ್ದು ನಿನ್ನ ಕೆಲಸದ ಚೀಲ. ನಿನ್ನ ತಂಗಿ ಪುಟ್ಟಿ ಹಳದಿ ಬಣ್ಣದಲ್ಲಿ ‘ಮುಟ್ಟಬೇಡಿ’ ಅಂತ ಬರೆದುಕೊಟ್ಟಿದ್ದಳಲ್ಲ, ಅದೇ ಖಾಕಿ ಚೀಲ. ಇಕ್ಕಳ, ಕಟರ್, ಫ್ರಿಜ್ಜಿನ ಗ್ಯಾಸ್ ನೋಡುವ ಜೋಡಿ ಮೀಟರು, ಸ್ಕ್ರೂಡ್ರೈವರುಗಳು, ಕೆಂಪು ಹಿಡಿಯ ಟೆಸ್ಟರು. ಜೊತೆಗೆ ಒಂದು ಚೀಟಿ: ‘ಯಾರಿಗಾದರೂ ಕೊಟ್ಟುಬಿಡಿ. ನನಗೆ ಇನ್ನು ಬೇಡ.’ ಹನ್ನೊಂದು ವರ್ಷ ಊರಿನ ಅರ್ಧ ಫ್ರಿಜ್ಜುಗಳ ಹೊಟ್ಟೆನೋವು ವಾಸಿಮಾಡಿದ ಕೈ, ಐದೇ ಪದದಲ್ಲಿ ಮುಗಿಸಿಬಿಟ್ಟಿತು. ನಿಮ್ಮಮ್ಮ ಚೀಟಿಯನ್ನು ಎರಡು ಸಲ ಓದಿ ಮಡಿಸಿ ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಪುಟ್ಟಿ ಎಡಗೈಯಲ್ಲಿ ಒಂದೊಂದೇ ಸಾಮಾನು ತೆಗೆದು ನೀನು ಜೋಡಿಸುತ್ತಿದ್ದ ಹಾಗೆಯೇ ಸಣ್ಣದರಿಂದ ದೊಡ್ಡದಕ್ಕೆ ಮೇಜಿನ ಮೇಲೆ ಜೋಡಿಸಿದಳು. ಟೆಸ್ಟರು ಬಂದಾಗ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಈಗಲೂ ಎಲ್ಲ ಮೇಜಿನ ಮೇಲೇ ಇವೆ, ನಾವು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದೇವೆ. ಈ ಕಾಗದಕ್ಕೆ ಕಾರಣ ಆ ಚೀಲ. ನೀನು ಮನೆ ಬಿಟ್ಟದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ಕಸುಬನ್ನೂ ಬಿಟ್ಟೆ ಅಂತ ತಿಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಬೀದಿಯಲ್ಲಿ ಎಲ್ಲರೂ ದೀಪದ ಸರ ಹೊರಗೆ ತೆಗೆಯುತ್ತಿದ್ದಾರೆ. ವರ್ಷದ ಕೊನೆಯ ರಜೆಗೆ ಇನ್ನು ಹತ್ತು ದಿನ. ಈ ಸಲ ಮಕ್ಕಳು ನನಗೊಂದು ಹೆಸರಿಟ್ಟಿದ್ದಾರೆ, ಟೇಪ್ ತಾತ ಅಂತ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಜೇಬಿನಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಸುರುಳಿ ಇರುತ್ತದೆ, ಅದಕ್ಕೆ. ಎದುರುಮನೆಯ ಟೀಚರು ವೈರನ್ನು ಕಿಟಕಿ ಸಂದಿಯಲ್ಲಿ ತೂರಿಸಿ ಕಿಟಕಿ ಜಪ್ಪಿ ಮುಚ್ಚಿಬಿಟ್ಟಿದ್ದರು. ದಿನಾ ಹಾಗೆ ಕಚ್ಚಿಸಿಕೊಂಡರೆ ವೈರಿನ ಮೈ ಸವೆಯುವುದಿಲ್ಲವೇ? ಹೇಳಿದ್ದಕ್ಕೆ ಅವರು ‘ಹೋದ ವರ್ಷವೂ ಹಾಗೇ ಹಾಕಿದ್ದೆ, ಏನೂ ಆಗಿಲ್ಲ’ ಅಂದರು. ಆಗುವ ತನಕ ಏನೂ ಆಗಿರುವುದಿಲ್ಲ ಟೀಚರೇ ಅಂದೆ. ಮೂಲೆಮನೆಯ ಬಸ್ ಡ್ರೈವರನಂತೂ ಸರದ ಎರಡು ಎಳೆಗಳ ನಡುವೆ ಕಬ್ಬಿಣದ ಮೊಳೆ ಹೊಡೆದು ಗೋಡೆಗೆ ಬಡಿದಿದ್ದ. ಇನ್ನೊಂದು ಕೂದಲೆಳೆಯಷ್ಟು ಆಚೀಚೆ ಆಗಿದ್ದರೆ ಮೊಳೆಯೇ ಕರೆಂಟು. ನಾನೇ ನಿಂತು ಕೀಳಿಸಿ ಪ್ಲಾಸ್ಟಿಕ್ ಕೊಕ್ಕೆ ಅಂಟಿಸಿಕೊಟ್ಟೆ. ಒಂದೇ ಪ್ಲಗ್ಗಿಗೆ ಐದು ಸರ ಸಿಕ್ಕಿಸಿದವರು, ಒಳಗೆ ಹಾಕುವ ಸರವನ್ನು ಇಬ್ಬನಿ ಬೀಳುವ ಹೊರಗೋಡೆಗೆ ಕಟ್ಟಿದವರು, ಸುಲಿದ ವೈರಿಗೆ ಅಂಟು ಬ್ಯಾಂಡೇಜು ಸುತ್ತಿದವರು, ಎಂತೆಂಥವರಿದ್ದಾರೆ ಅಂತೀಯ! ಬ್ಯಾಂಡೇಜು ಸುತ್ತಿದ ಮಹಾಶಯ ಔಷಧಿ ಅಂಗಡಿಯವನು. ಗಾಯ ಯಾವುದಾದರೇನು, ಮದ್ದು ಒಂದೇ ಅವನಿಗೆ.

ಮೊನ್ನೆ ಹೀಗೇ ಟೇಪ್ ಸುತ್ತಿ ಮನೆಗೆ ಬಂದಾಗ ನಿಮ್ಮಮ್ಮ, ‘ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ’ ಅಂದಳು. ಅವಳು ಅಂದದ್ದು ನನ್ನ ಸುತ್ತಾಟಕ್ಕೆ, ತಮಾಷೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಅವತ್ತು ಊಟವನ್ನೇ ಬಿಟ್ಟೆ. ಯಾಕೆ ಅಂತ ಅವಳಿಗೆ ಅರ್ಥವಾಗಲಿಲ್ಲ. ಹಲ್ಲಿ ಅಂದದ್ದಕ್ಕೆ ಇಷ್ಟು ಕೋಪವೇ ಅಂತ ಒಂದು ದಿನ ಮಾತು ಬಿಟ್ಟಿದ್ದಳು.

ಬೀದಿಯವರಿಗೆ ನಾನು ಇನ್ನೊಂದು ಕಾನೂನು ಮಾಡಿದ್ದೇನೆ. ನನ್ನ ಎದುರು ಸ್ವಿಚ್ಚಿನ ವಿಷಯದಲ್ಲಿ ಯಾರೂ ‘ತೆಗಿ’, ‘ಹಾಕು’ ಅನ್ನಕೂಡದು. ‘ಆನ್’ ಅನ್ನಬೇಕು, ಇಲ್ಲ ‘ಆಫ್’ ಅನ್ನಬೇಕು. ಬಸ್ ಡ್ರೈವರ ‘ಯಾಕೆ ತಾತಾ, ಕನ್ನಡ ಮರೆತುಹೋಯ್ತಾ’ ಅಂತ ರೇಗಿಸಿದ. ಕನ್ನಡ ಮರೆತಿದ್ದರೆ ಚೆನ್ನಾಗಿತ್ತು. ನೀನೇ ಯೋಚನೆ ಮಾಡು, ನಮ್ಮ ಮಾತು ಎಂಥ ಮಾತು ಅಂತ. ಬಾಗಿಲು ಹಾಕಿದರೆ ಮುಚ್ಚುತ್ತದೆ, ದೀಪ ಹಾಕಿದರೆ ಹತ್ತುತ್ತದೆ. ನಲ್ಲಿ ತೆಗೆದರೆ ನೀರು ಬರುತ್ತದೆ, ಫ್ಯಾನು ತೆಗೆದರೆ ಗಾಳಿ ನಿಲ್ಲುತ್ತದೆ. ಆಡುವವರಿಗೆ ಗೊತ್ತು, ಕೇಳುವವರಿಗೆ ಗೊತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿಲ್ಲ.

ನಿಮ್ಮಮ್ಮ ಮದುವೆಯಾಗಿ ಬಂದ ವಾರದ ಕಥೆ ನಿನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ದೀಪ ‘ಆರಿಸು’ ಅನ್ನುತ್ತಿದ್ದೆವು, ಅವಳ ತವರಿನಲ್ಲಿ ‘ತೆಗಿ’ ಅನ್ನುತ್ತಿದ್ದರು. ಹೊಸ ಹೆಂಡತಿ ನಾಚಿಕೊಂಡು ‘ದೀಪ ತೆಗೀರಿ’ ಅಂದರೆ ಈ ಭೂಪ ಎದ್ದು ಹೋಗಿ ನಡುಮನೆಯದು, ಅಡುಗೆಮನೆಯದು, ಬಚ್ಚಲಿನದು ಎಲ್ಲ ಹೊತ್ತಿಸಿ ಬಂದ. ನನ್ನ ತಪ್ಪಲ್ಲ ಅದು, ನನ್ನ ಕೆಲಸದ ತಪ್ಪು. ನೀರಿನ ಕಚೇರಿಯಲ್ಲಿ ವಾಲ್ವು ತಿರುಗಿಸುವವನಿಗೆ ‘ತೆಗಿ’ ಅಂದರೆ ಒಂದೇ ಅರ್ಥ, ಹರಿಯಲು ಬಿಡು. ನಿಲ್ಲಿಸುವುದಕ್ಕೆ ‘ಕಟ್ಟು’ ಅನ್ನುತ್ತಿದ್ದರು. ಟ್ಯಾಂಕಿನ ಮೇಲೆ ನಿಂತ ಮೇಸ್ತ್ರಿ ‘ತೆಗೀ’ ಅಂತ ಕೂಗಿದರೆ, ಕೆಳಗೆ ಗುಂಡಿಯಲ್ಲಿ ನಿಂತ ನಾನು ಚಕ್ರ ತಿರುಗಿಸಿ ‘ತೆಗೆದೇ’ ಅಂತ ತಿರುಗಿ ಕೂಗಬೇಕು. ಯಾಕೆ, ಏನು ಅಂತ ಕೇಳುವ ಹಾಗಿಲ್ಲ. ಮೋಟಾರಿನ ಸದ್ದಿನಲ್ಲಿ ಕೇಳಿದರೂ ಯಾರಿಗೆ ಕೇಳಿಸಬೇಕು? ಮೂವತ್ತನಾಲ್ಕು ವರ್ಷ ಹಾಗೆ ಕೂಗಿ ಕೂಗಿ, ಮನೆಯಲ್ಲಿ ನಿಮ್ಮಮ್ಮ ಉಪ್ಪಿನ ಡಬ್ಬಿ ತೆಗೆದುಕೊಡಿ ಅಂದರೂ ನಾನು ‘ತೆಗೆದೇ’ ಅಂತ ಬೀದಿಗೆ ಕೇಳುವಂತೆ ಅರಚುತ್ತಿದ್ದೆ. ನೀನೂ ಪುಟ್ಟಿಯೂ ನನ್ನನ್ನು ಅಣಕಿಸಿ ಮಂಚದ ಮೇಲೆ ಉರುಳಾಡಿ ನಗುತ್ತಿದ್ದಿರಿ. ನಿಮಗಿಬ್ಬರಿಗೂ ಮಾತು ಬಂದದ್ದು ಅಮ್ಮನ ಬಾಯಿಂದ, ಅಂದರೆ ಈ ಮನೆಯಲ್ಲಿ ದೀಪ ‘ತೆಗೆಯುವ’ ಪದ್ಧತಿಯೇ ಉಳಿಯಿತು. ನಾನೂ ಒಗ್ಗಿಕೊಂಡೆ. ಒಗ್ಗಿಕೊಂಡೆ ಅಂತ ಅಂದುಕೊಂಡಿದ್ದೆ.

ಪುಟ್ಟಿಯ ವಿಷಯ. ನೀನು ಫೋನಿನಲ್ಲಿ ಅವಳ ಬಗ್ಗೆ ಕೇಳುವುದಿಲ್ಲ, ಕೇಳಲು ಹೆದರುತ್ತೀಯ ಅಂತ ನನಗೆ ಗೊತ್ತು. ಆದ್ದರಿಂದ ನಾನೇ ಹೇಳುತ್ತೇನೆ. ಬಲಗೈಯ ತೋರುಬೆರಳು, ನಡುಬೆರಳು ತೆಗೆದ ಜಾಗ ಒಣಗಿದೆ. ಚಳಿಗೆ ಸೆಳೆಯುತ್ತದೆ. ಹೆಬ್ಬೆರಳಿಗೆ ಬಲ ಬಂದಿಲ್ಲ, ಲೋಟ ಹಿಡಿಯುತ್ತಾಳೆ, ಬ್ರಷ್ ಹಿಡಿಯಲಾರಳು. ಬೋರ್ಡು ಬರೆಯುವ ಅಂಗಡಿಯ ಯಜಮಾನರು ಒಳ್ಳೆಯವರು, ಕೆಲಸದಿಂದ ಬಿಡಿಸಲಿಲ್ಲ. ಮುಂದೆ ಕೂತು ಗಿರಾಕಿಗಳ ಆರ್ಡರ್ ಬರೆದುಕೊಳ್ಳುತ್ತಾಳೆ. ಅವಳು ಒಂದು ಕಾಲದಲ್ಲಿ ಅಳತೆಪಟ್ಟಿಯಿಲ್ಲದೆ ಆರಡಿ ಹಲಗೆಗೆ ಅಕ್ಷರ ಕೂರಿಸುತ್ತಿದ್ದವಳು, ಈಗ ಯಂತ್ರದಲ್ಲಿ ಕತ್ತರಿಸಿದ ಅಕ್ಷರಗಳನ್ನು ಎಣಿಸಿ ಕವರಿಗೆ ಹಾಕುತ್ತಾಳೆ. ಸಂಜೆ ಮನೆಗೆ ಬಂದು ಹಳೆಯ ರಟ್ಟಿನ ಮೇಲೆ ಎಡಗೈಯಲ್ಲಿ ಅಭ್ಯಾಸ ಮಾಡುತ್ತಾಳೆ. ಕ್ಷೌರದ ಅಂಗಡಿಯವನಿಗೆ ‘ಮಂಗಳವಾರ ರಜೆ’ ಅಂತ ಒಂದು ಪುಟ್ಟ ಬೋರ್ಡು ಬರೆದುಕೊಟ್ಟಳು. ಅವನು ಮೆಚ್ಚಿಕೊಂಡ, ಅವಳು ಮಾತ್ರ ಮಾರನೇ ದಿನ ಹೋಗಿ ಅದನ್ನು ವಾಪಸ್ ತಂದು ಒರೆಸಿಹಾಕಿದಳು. ‘ಜ’ ಅಕ್ಷರ ಕುಡಿದವನ ಹಾಗೆ ನಿಂತಿದೆ ಅಂದಳು. ಅಳುವುದಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ನೀನು ಹೋದ ಮೇಲೆ ಮನೆಗೆ ದೀಪದ ಸರ ಬಂದಿಲ್ಲ. ಏಣಿಯನ್ನು ನಿಮ್ಮಮ್ಮ ಗುಜರಿಯವನಿಗೆ ಕೊಟ್ಟಳು. ಹೀಗಿರುವಾಗ ಗುರುವಾರ ಊಟದ ಹೊತ್ತಿಗೆ ಪುಟ್ಟಿ ನಿನ್ನ ಟೆಸ್ಟರನ್ನೇ ನೋಡುತ್ತಾ, ‘ಈ ಸಲ ಅಣ್ಣ ಬಂದರೆ ದೀಪ ಹಾಕೋಣ, ಏಣಿ ನಾನೇ ಹತ್ತುತ್ತೀನಿ’ ಅಂದಳು. ನಿನಗೆ ಒಂದು ಮಾತು ಹೇಳುತ್ತೇನೆ, ಅವಳು ಒಂದು ದಿನವೂ ನಿನ್ನನ್ನು ದೂರಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಕೇಳಿದ್ದು ‘ಅಣ್ಣ ಎಲ್ಲಿ’ ಅಂತ. ನೀನು ವಾರ್ಡಿನ ಹೊರಗೆ, ಚಪ್ಪಲಿ ಬಿಡುವ ಕಡೆ ಕೂತಿದ್ದೆ. ಒಳಗೆ ಬರಲಿಲ್ಲ.

ಹೋದ ಡಿಸೆಂಬರಿನ ಆ ದಿನವನ್ನು ನಾವು ಯಾರೂ ಬಾಯಲ್ಲಿ ಆಡಿಲ್ಲ. ಆಡದೆ ಇದ್ದರೆ ಮಾಯುತ್ತದೆ ಅಂತ ಅಂದುಕೊಂಡಿದ್ದೆವು, ಒಳಗೇ ಕೀವಾಯಿತು. ನಿನಗೆ ನೆನಪಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾವುದಾದರೂ ತಪ್ಪಿದ್ದರೆ ತಿದ್ದಿಕೋ. ಮಧ್ಯಾಹ್ನ. ಹೊಸ ಸರಕ್ಕೆ ಪ್ಲಗ್ ಇರಲಿಲ್ಲ, ಮುಂಬಾಗಿಲಿನ ಮೇಲಿನ ದೀಪದ ವೈರಿಗೇ ಅದನ್ನು ಜೋಡಿಸಿದ್ದೆ ನೀನು. ಪ್ಲಗ್ ಇದ್ದಿದ್ದರೆ ಕಿತ್ತುಹಾಕಿ ಕೆಲಸ ಮಾಡಬಹುದಿತ್ತು, ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅಕ್ಷರದ ಹಾಗೆ ಸರವನ್ನೂ ನೇರವಾಗಿ ಕೂರಿಸುವವಳು ಪುಟ್ಟಿ, ಹಾಗಾಗಿ ಕಬ್ಬಿಣದ ಏಣಿಯ ಮೇಲೆ ಅವಳು, ಬರಿಗಾಲಿನಲ್ಲಿ. ಕೆಳಗೆ ಏಣಿ ಹಿಡಿದು ನೀನು. ಹಿಂದಿನ ಓಣಿಯಲ್ಲಿ, ಮೇನ್ ಸ್ವಿಚ್ಚಿನ ಹತ್ತಿರ ನಾನು. ಮನೆಯ ಉದ್ದಕ್ಕೂ ಕೂಗಾಟ. ನೀನು ‘ಹಾಕು’ ಅಂದರೆ ನಾನು ಹಿಡಿಕೆ ಮೇಲೆ ಎತ್ತುವುದು, ಸರ ಅರ್ಧ ಹತ್ತುವುದು, ನೀನು ‘ತೆಗಿ’ ಅಂದರೆ ಕೆಳಗೆ ಎಳೆಯುವುದು, ಪುಟ್ಟಿ ಬಲ್ಬು ಬಿಗಿಮಾಡುವುದು. ಎರಡು ಸಲ ಹೀಗಾಯಿತು. ಮೂರನೇ ಸಲ ನೀನು ‘ತೆಗಿ’ ಅಂದೆ, ನಾನು ‘ತೆಗೆದೇ’ ಅಂದೆ, ನೀನು ಅವಳಿಗೆ ‘ಈಗ ಮುಟ್ಟು’ ಅಂದೆ. ಟೇಪ್ ಸುತ್ತದ ಜೋಡಣೆ ಅವಳ ಬೆರಳಿನ ಕೆಳಗಿತ್ತು.

ಅಕ್ಕಪಕ್ಕದವರು ಓಡಿಬಂದಾಗ ಮೇನ್ ಆಫ್ ಆಗಿತ್ತು. ಎಲ್ಲರೂ ಕಣ್ಣಾರೆ ನೋಡಿದರು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ತಲೆ ಆಡಿಸಿ, ‘ಮೇನ್ ಆಫ್ ಇದ್ರೂ ಕರೆಂಟ್ ಬಂದಿದೆ ಅಂದ್ರೆ ಇನ್ವರ್ಟರಿಂದಲೇ ಬರಬೇಕು, ಅದನ್ನ ಸೇರಿಸಿದ್ದು ಯಾರು’ ಅಂದ. ಇನ್ವರ್ಟರನ್ನು ಎರಡು ವಾರದ ಹಿಂದೆ ಸೇರಿಸಿದ್ದು ನೀನು. ನಿನ್ನ ಮುಖ ಆ ಹೊತ್ತಿನಲ್ಲಿ ಹೇಗಾಯಿತು ಅಂತ ನಾನು ನೋಡಿದೆ, ಈಗಲೂ ಕಾಣುತ್ತದೆ. ನಿಮ್ಮಮ್ಮ ‘ತಂಗೀ ಕೈ ತೆಗೆದುಬಿಟ್ಟೆಯಲ್ಲೋ ಪಾಪಿ’ ಅಂದದ್ದು ಅವತ್ತು ಸಂಜೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆ ಮಾತಿಗಾಗಿ ದಿನಾ ಸಾಯುತ್ತಿದ್ದಾಳೆ, ನಿನ್ನ ಹತ್ತಿರ ಮಾತ್ರ ಹೇಳಿಕೊಳ್ಳಲಾರಳು. ಹನ್ನೆರಡನೇ ದಿನ ನೀನು ಬಟ್ಟೆ ತುಂಬಿಕೊಂಡು ಹೊರಟೆ. ನಾನು ಬಾಗಿಲವರೆಗೆ ಬಂದೆ. ಏನೋ ಹೇಳಲು ಬಂದವನ ಹಾಗೆ ಕಂಡಿರಬೇಕು, ನೀನು ಒಂದು ಕ್ಷಣ ನಿಂತೆ. ‘ಛತ್ರಿ ತಗೊಂಡ್ಯಾ’ ಅಂತ ಕೇಳಿದೆ. ನೀನು ಹೋದೆ.

ಅಲ್ಲಿ ನೀನಿರುವ ಕೋಣೆಗೂ ಯಾರಾದರೂ ದೀಪ ಕಟ್ಟಲು ಹೊರಟರೆ ದೂರ ನಿಂತು ನೋಡಬೇಡ, ಹತ್ತಿರ ಹೋಗಿ ಹೇಳು. ಸ್ವಿಚ್ ನಂಬಬೇಡಿ, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ ಅಂತ ಹೇಳು. ಕಬ್ಬಿಣದ ಏಣಿ ಬೇಡ, ಮರದ್ದು. ಕಾಲಿಗೆ ರಬ್ಬರ್ ಚಪ್ಪಲಿ. ಯಾರು ಏನೇ ಕೂಗಿ ಹೇಳಲಿ, ಅಪ್ಪನೇ ಹೇಳಲಿ, ಟೆಸ್ಟರ್ ಹಚ್ಚದೆ ಬೆರಳು ಹಚ್ಚಬೇಡಿ ಅಂತ ಹೇಳು. ಇಲ್ಲಿ ಕರೆಂಟು ಸೋರಿದರೆ ತಾನಾಗಿಯೇ ಬಿದ್ದುಕೊಳ್ಳುವ ಸ್ವಿಚ್ಚು ಹಾಕಿಸಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೆಚ್ಚು ಬರೆದು ನಿನ್ನ ತಲೆ ತಿನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಕೆಮ್ಮಿಗೆ ಬಿಸಿನೀರು ಕುಡಿ, ತಂಪು ಹವೆಯಲ್ಲಿ ಕೆಲಸ ಮಾಡಿ ಬಂದು ತಣ್ಣೀರು ಕುಡಿಯುವ ನಿನ್ನ ಶೂರತನ ಬೇಡ. ನಿಮ್ಮಮ್ಮ ಕೇಳಿದ್ದಾಳೆ ಅಂತ ತಿಳಿಸಲು ಹೇಳಿದಳು, ಏನು ಕೇಳಿದ್ದಾಳೆ ಅಂತ ಹೇಳಲಿಲ್ಲ. ಪುಟ್ಟಿ ಲಕೋಟೆಯ ಮೇಲಿನ ವಿಳಾಸವನ್ನು ತಾನೇ ಬರೆಯುತ್ತೇನೆ ಅಂತ ಕಿತ್ತುಕೊಂಡು ಬರೆದಿದ್ದಾಳೆ, ಅಕ್ಷರ ವಾಲಿದ್ದರೆ ಪೋಸ್ಟ್‌ಮ್ಯಾನಿಗೆ ಬೈಯಬೇಡ. ನೂರು ಕಾಲ ಬಾಳು ಅಂತ ನಾನು ಹರಸಿದರೆ ತಗಲುತ್ತದೋ ಇಲ್ಲವೋ, ನಿಮ್ಮಮ್ಮನ ಹರಕೆ ಖಂಡಿತ ತಗಲುತ್ತದೆ, ಅವಳದನ್ನೇ ಎರಡು ಪಾಲು ತೆಗೆದುಕೋ.

ಇತಿ,
ನಿನ್ನ ಅಪ್ಪ

ಮತ್ತೆ: ಮಧ್ಯಾಹ್ನ ಮೂರೂಕಾಲು. ಬೀದಿ ಕೊನೆಯ ಅಂಚೆಪೆಟ್ಟಿಗೆಯನ್ನು ನಾಲ್ಕು ಗಂಟೆಗೆ ತೆಗೆಯುತ್ತಾರೆ. ಅಂಟಿಸಿದ ಲಕೋಟೆಯನ್ನು ಒಡೆದಿದ್ದೇನೆ. ಇಷ್ಟುದ್ದ ಬರೆದೂ ಹೇಳಬೇಕಾದದ್ದನ್ನು ಬಿಟ್ಟು ಛತ್ರಿ ತಗೊಂಡ್ಯಾ ಅಂತಲೇ ಕೇಳಿದ ಹಾಗಾಯಿತು. ಕೇಳು. ಮೂರನೇ ಸಲ ನೀನು ‘ತೆಗಿ’ ಅನ್ನುವ ಮೊದಲೇ ಮೇನ್ ಆಫ್ ಆಗಿತ್ತು. ಪುಟ್ಟಿಯ ಕೈ ಮೇಲೆ ಹೋಗುತ್ತಿರುವುದು ನಡುಮನೆಯ ಬಾಗಿಲಿನಲ್ಲಿ ಕಾಣುತ್ತಿತ್ತು, ಯಾಕಿರಲಿ ಅಂತ ಯಾರೂ ಹೇಳದೆ ನಾನೇ ಕೆಳಗೆ ಎಳೆದಿದ್ದೆ. ಬಿಸಿಲಿನಲ್ಲಿ ಸರ ಆರಿದ್ದು ನಿನಗೆ ಕಾಣಲಿಲ್ಲವೇನೋ, ಆಮೇಲೆ ನಿನ್ನ ಕೂಗು ಬಂತು. ಆಗಲೇ ತೆಗೆದದ್ದನ್ನು ಮತ್ತೆ ತೆಗಿ ಅಂದರೆ ಏನು ತೆಗೆಯಲಿ? ನನ್ನ ಕೈಗೆ ಉಳಿದದ್ದು ಹಳೆಯ ಅರ್ಥ ಒಂದೇ, ಹರಿಯಲು ಬಿಡು. ಹಿಡಿಕೆ ಮೇಲೆ ಎತ್ತಿದೆ. ‘ತೆಗೆದೇ’ ಅಂತ ಕೂಗಿದೆ. ಅವಳು ಕಿರುಚಿದಾಗ ನನ್ನ ಕೈ ಹಿಡಿಕೆಯ ಮೇಲೇ ಇತ್ತು, ಕೆಳಗೆ ಎಳೆದೆ. ಬಂದವರೆಲ್ಲ ನೋಡಿದ್ದು ಅದನ್ನು. ಇನ್ವರ್ಟರಿನಲ್ಲಿ ಏನೂ ತಪ್ಪಿರಲಿಲ್ಲ, ಮುಂಬಾಗಿಲಿನ ದೀಪಕ್ಕೆ ಅದು ಸೇರಿರಲೇ ಇಲ್ಲ. ಮಾರ್ಚಿನಲ್ಲಿ ಅದನ್ನು ವಾಪಸ್ ಒಯ್ಯಲು ಬಂದ ಅಂಗಡಿಯವನು ನಿನ್ನ ವೈರಿಂಗ್ ನೋಡಿ, ‘ಒಂದು ಎಳೆಯೂ ತಪ್ಪಿಲ್ಲ, ಯಾರು ಮಾಡಿದ್ದು, ಒಳ್ಳೇ ಕೈ’ ಅಂದ. ನಾನು ಕೇಳಿಸಿಕೊಂಡು ಬಾಗಿಲು ಹಾಕಿಕೊಂಡೆ. ಟೆಸ್ಟರ್ ಜೇಬಿನಲ್ಲಿದ್ದೂ ನೀನು ಹಚ್ಚಿ ನೋಡಲಿಲ್ಲ, ಟೇಪ್ ಸುತ್ತಲಿಲ್ಲ, ಅದು ನಿನ್ನ ಪಾಲು, ಅಷ್ಟೇ ನಿನ್ನ ಪಾಲು. ಉಳಿದದ್ದು ನನ್ನದು. ಯಾಕೆ ಹೇಳಲಿಲ್ಲ ಅಂದರೆ ಹೆದರಿದೆ. ನಿಮ್ಮಮ್ಮ ನಿನಗೆ ಅಂದ ಮಾತನ್ನು ನನಗೆ ಅಂದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ, ನೀನಾದರೆ ಹುಡುಗ, ಎಲ್ಲಾದರೂ ಬದುಕುತ್ತೀಯ ಅಂದುಕೊಂಡೆ. ಅಪ್ಪನಾದವನು ಹಾಗೆ ಅಂದುಕೊಳ್ಳಬಾರದು. ಅಂದುಕೊಂಡೆ. ಚೀಲ ಯಾರಿಗೂ ಕೊಡುವುದಿಲ್ಲ, ಮೇಜಿನ ಮೇಲೇ ಇರುತ್ತದೆ. ಈಗ ಹೋಗಿ ಇದನ್ನು ಪೆಟ್ಟಿಗೆಗೆ ಹಾಕಿ ಬಂದು ಆಮೇಲೆ ನಿಮ್ಮಮ್ಮನಿಗೂ ಪುಟ್ಟಿಗೂ ಹೇಳುತ್ತೇನೆ. ಮೊದಲು ಹಾಕುತ್ತೇನೆ, ಒಮ್ಮೆ ಹಾಕಿದರೆ ಮತ್ತೆ ತೆಗೆಯಲು ಆಗುವುದಿಲ್ಲವಲ್ಲ, ಅದಕ್ಕೆ. ಬಾ ಅನ್ನುವ ಬಾಯಿ ನನಗಿಲ್ಲ. ಒಂದು ವೇಳೆ ಬಂದರೆ ಕರೆಗಂಟೆ ಒತ್ತಬೇಡ, ನನಗೆ ಕೇಳಿಸುವುದಿಲ್ಲ. ಹೊರಗೆ ನಿಂತು ‘ಅಪ್ಪಾ, ತೆಗಿ’ ಅಂತ ಜೋರಾಗಿ ಕೂಗು. ಬಾಗಿಲಿಗೆ ಆ ಮಾತು ಅಂದರೆ ಅರ್ಥ ಒಂದೇ.